ನಗರ ಅನ್ನೋ ಹಳ್ಳಿ: ರೂಮಿಗೆ ಮೂರು ಸ್ಟಾರ್, ಸುತ್ತಾಟಕ್ಕೆ ಐದು

ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ "ನಗರ, ನಗರ, ನಗರ" ಅಂತ ಕೂಗುತ್ತಿದ್ದ. ಒಂಬತ್ತನೇ ಕ್ಲಾಸಿನ ನನ್ನ ಮಗ ಕೇಳಿದ, "ಯಾವ ನಗರ ಅಂತ ಹೇಳೋದೇ ಇಲ್ವಲ್ಲ ಅಮ್ಮ?" ಅವನ ಪ್ರಶ್ನೆ ಸರಿಯೇ. ನಾವಿರುವ ಶಿವಮೊಗ್ಗದಲ್ಲೇ ವಿನೋಬನಗರ, ಗಾಂಧಿನಗರ ಅಂತ ಹತ್ತಾರಿವೆ. ಇಲ್ಲಿ ಮಾತ್ರ ಹಿಂದೆ ಮುಂದೆ ಏನೂ ಇಲ್ಲದ ಬರೀ ನಗರ. ಇಳಿದು ನೋಡಿದರೆ ನಾಲ್ಕು ಅಂಗಡಿ, ಒಂದು ವೃತ್ತ, ಮಳೆಯಲ್ಲಿ ನೆನೆಯುತ್ತಾ ನಿಂತ ಎರಡು ಆಟೋ, ಅಷ್ಟೇ.

ಆ ಹಳ್ಳಿಗೆ ಆ ಹೆಸರು ಯಾಕೆ ಬಂತು, ಬಂದಮೇಲೆ ನಗರ ಎಲ್ಲಿಗೆ ಹೋಯಿತು ಅನ್ನುವುದನ್ನು ಕಾಲ್ನಡಿಗೆಯಲ್ಲಿ ತೋರಿಸುವ ಒಂದು ಹೋಂಸ್ಟೇ ಇದೆ. ಆಗಸ್ಟ್ ಕೊನೆಯಲ್ಲಿ, ಮಘೆ ಮಳೆಯಲ್ಲಿ, ಎರಡು ರಾತ್ರಿ ಇದ್ದು ಬಂದೆವು. ನಾನು, ನಮ್ಮೆಜಮಾನ್ರು, ಮಗ, ಮತ್ತೆ ಮಂಡಿ ನೋವಿರುವ ನಮ್ಮತ್ತೆ. ಹೆಸರು ಬರೆಯುವುದಿಲ್ಲ. ದೂರುಗಳೂ ಇವೆ, ಮನೆಯವರು ಒಳ್ಳೆಯವರು, ಊರು ಚಿಕ್ಕದು. ಹೋಂಸ್ಟೇ ನಡೆಸುವವರು ಮೊದಲು ಲೈನ್‌ಮ್ಯಾನ್ ಆಗಿದ್ದವರು. ರಿಟೈರ್ ಆಗಿ ಅಡಿಕೆ ತೋಟ ನೋಡಿಕೊಂಡು ಇದನ್ನು ನಡೆಸುತ್ತಿದ್ದಾರೆ. ಊರವರು ಈಗಲೂ ಕರೆಯುವುದು ಲೈನ್‌ಮ್ಯಾನ್ ಅಂತಲೇ, ನಾನೂ ಹಾಗೇ ಬರೆಯುತ್ತೇನೆ.

ಮೊದಲು ರೂಮಿನ ವಿಷಯ ಮುಗಿಸಿಬಿಡೋಣ. ಒಬ್ಬರಿಗೆ ದಿನಕ್ಕೆ ಹದಿನೆಂಟು ನೂರು, ಊಟ ತಿಂಡಿ ಸೇರಿ. ಹಳೇ ಮನೆಯ ಪಕ್ಕಕ್ಕೆ ಹೊಸದಾಗಿ ಕಟ್ಟಿದ ಎರಡು ರೂಮು. ಹಳೇ ಮನೆ ಎಷ್ಟು ಚೆನ್ನಾಗಿದೆಯೋ ಹೊಸ ರೂಮು ಅಷ್ಟೇ ಸಪ್ಪೆ. ಸಿಮೆಂಟ್ ಗೋಡೆ, ಮೇಲೆ ಶೀಟು, ಮಳೆ ಜೋರಾದರೆ ಒಳಗೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಕಂಬಳಿಗೆ ಮುಗ್ಗಲು ವಾಸನೆ. ಮಳೆಗಾಲದಲ್ಲಿ ಮಲೆನಾಡಿನಲ್ಲಿ ಯಾರ ಮನೆ ಕಂಬಳಿಗೆ ವಾಸನೆ ಇಲ್ಲ ಅಂತ ನೀವು ಕೇಳಬಹುದು, ಆದರೆ ದುಡ್ಡು ತೆಗೆದುಕೊಳ್ಳುವವರು ಒಲೆ ಮೇಲಿನ ಅಟ್ಟದಲ್ಲಿ ಒಂದು ದಿನ ಒಣಗಿಸಿ ಕೊಡಬಹುದಲ್ವಾ? ಫೋನಿನಲ್ಲಿ ಕಳಿಸಿದ ಫೋಟೋದಲ್ಲಿ ಕಿಟಕಿಯಾಚೆ ಕೊಡಚಾದ್ರಿ ಕಾಣುತ್ತಿತ್ತು. ನಮಗೆ ಎರಡು ದಿನವೂ ಕಂಡದ್ದು ಬಿಳಿ ಗೋಡೆಯಂತಹ ಮೋಡ. ಅದು ಅವರ ತಪ್ಪಲ್ಲ ಬಿಡಿ, ಆದರೆ ಆ ಫೋಟೋ ಡಿಸೆಂಬರಿನದು ಅಂತ ಒಂದು ಮಾತು ಹೇಳಿದ್ದರೆ ಅತ್ತೆ ಅಷ್ಟು ಆಸೆ ಇಟ್ಟುಕೊಂಡು ಬರುತ್ತಿರಲಿಲ್ಲ. ಕರೆಂಟ್ ಎರಡು ರಾತ್ರಿಯೂ ಇರಲಿಲ್ಲ. ಲೈನ್‌ಮ್ಯಾನ್ ಮನೆಯಲ್ಲೇ ಕರೆಂಟ್ ಇಲ್ಲ ಅಂತ ನಮ್ಮೆಜಮಾನ್ರು ತಮಾಷೆ ಮಾಡಿದರೆ ಅವರು ನಗಲಿಲ್ಲ. "ಮರ ಬಿದ್ರೆ ನಾವೇನ್ ಮಾಡದು ಮಾರಾಯ್ರೆ, ಮೂವತ್ತು ವರ್ಷ ಅದನ್ನೇ ಎತ್ತಿದೀನಿ" ಅಂದರು.

ಬಚ್ಚಲು ಮಾತ್ರ ಹಳೇ ಮನೆಯದ್ದು. ದೊಡ್ಡ ಹಂಡೆ, ಕೆಳಗೆ ಅಡಿಕೆ ಸಿಪ್ಪೆಯ ಬೆಂಕಿ, ಯಾವಾಗ ಹೋದರೂ ಕುದಿಯುವ ನೀರು. ಅದಕ್ಕೇ ಒಂದು ಸ್ಟಾರ್ ಜಾಸ್ತಿ ಕೊಟ್ಟಿದ್ದೇನೆ, ಇಲ್ಲದಿದ್ದರೆ ರೂಮಿಗೆ ಎರಡೇ.

ಈಗ ಸುತ್ತಾಟ. ಇದಕ್ಕೆ ಬೇರೆ ದುಡ್ಡು, ತಲೆಗೆ ಮುನ್ನೂರೈವತ್ತು. ಬುಕ್ ಮಾಡುವಾಗ ಇದನ್ನು ಹೇಳಿರಲಿಲ್ಲ, ಎಲ್ಲ ಸೇರಿದೆ ಅಂದುಕೊಂಡೇ ಹೋಗಿದ್ದೆವು. ಮೊದಲ ದಿನ ರಾತ್ರಿ ಊಟಕ್ಕೆ ಕೂತಾಗ ಗೊತ್ತಾಗಿ ಸ್ವಲ್ಪ ಕಿರಿಕಿರಿಯಾಯಿತು. ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಆ ಕಿರಿಕಿರಿ ಪೂರ್ತಿ ಹೋಗಿತ್ತು.

ಬೆಳಿಗ್ಗೆ ಎಂಟಕ್ಕೆ ಹೊರಟೆವು. ಎಲ್ಲರ ಕಾಲಿಗೂ ಸುಣ್ಣ, ಹೊಗೆಸೊಪ್ಪು, ಎಣ್ಣೆ ಕಲಸಿದ ಏನೋ ಒಂದನ್ನು ಸವರಿದರು, ಉಂಬಳ ಅಂದರೆ ಜಿಗಣೆ ಹತ್ತದಿರಲಿ ಅಂತ. ನನಗೆ ಆದರೂ ಮೂರು ಕಚ್ಚಿದವು. ಅತ್ತೆಗೆ ಒಂದೂ ಇಲ್ಲ. ಆಮೇಲೆ ಅವರು ಮಾಡಿದ ಮೊದಲ ಕೆಲಸ ನಮ್ಮನ್ನು ಕೋಟೆಗೆ ಕರೆದುಕೊಂಡು ಹೋಗದೇ ಇದ್ದದ್ದು! ಉಳಿದವರೆಲ್ಲ ನೇರ ಕೋಟೆಗೆ ಹೋಗಿ, ಬಾಗಿಲಲ್ಲಿ ಫೋಟೋ ಹೊಡೆದು, ಅರ್ಧ ಗಂಟೆಯಲ್ಲಿ ಕೊಲ್ಲೂರಿನ ದಾರಿ ಹಿಡಿಯುತ್ತಾರೆ. ನಾವೂ ಹತ್ತು ವರ್ಷದ ಹಿಂದೆ ಹಾಗೇ ಮಾಡಿದ್ದೆವು. ಇವರು ಊರಿನ ಹೊರಗೆ ಒಂದು ಏರು ಹತ್ತಿಸಿ, ಕರೆಂಟ್ ಲೈನಿಗಾಗಿ ಮರ ಕಡಿದು ಬಯಲಾಗಿದ್ದ ಜಾಗದಲ್ಲಿ ನಿಲ್ಲಿಸಿದರು. ಮೋಡ ಒಂದು ಕ್ಷಣ ಸರಿಯಿತು. "ಬಾಣಲೆ ನೋಡಿದೀರಲ್ಲ? ನೀವೀಗ ಬಾಣಲೆ ಅಂಚಲ್ಲಿ ನಿಂತಿದೀರಿ" ಅಂದರು.

ನಿಜಕ್ಕೂ ಹಾಗೇ ಇದೆ. ಸುತ್ತ ಗುಡ್ಡ, ಗುಡ್ಡದ ತುಂಬ ಕಾಡು, ನಡುವೆ ತಗ್ಗಿನಲ್ಲಿ ಊರು. ಪಶ್ಚಿಮಕ್ಕೆ ಘಟ್ಟ ಇಳಿದರೆ ಕರಾವಳಿ. ಪೂರ್ವಕ್ಕೆ ಹೋದರೆ ಗುಡ್ಡಗಳು ಮೆಲ್ಲಗೆ ತಗ್ಗುತ್ತಾ ಬಯಲುಸೀಮೆ. ಈ ಬಾಣಲೆಗೆ ಬರಲು ಇದ್ದದ್ದು ಕೆಲವೇ ಕಣಿವೆ ದಾರಿ, ಒಂದೊಂದರಲ್ಲೂ ಕಾವಲು. ಕಲ್ಲಿನ ಗೋಡೆಗಿಂತ ಕಾಡೇ ಇಲ್ಲಿ ದೊಡ್ಡ ಕೋಟೆ. ಬಿದಿರಿನ ಮೆಳೆಯಲ್ಲಿ ಕುದುರೆ ನುಗ್ಗಲ್ಲ, ಫಿರಂಗಿ ಗಾಡಿ ಹತ್ತಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಮಳೆಯಲ್ಲಿ ಯಾವ ಸೈನ್ಯವೂ ಡೇರೆ ಹಾಕಿ ಕೂರಲ್ಲ. ಊರಿನ ಮೊದಲ ಹೆಸರೇ ಬಿದರೂರು, ಬಿದಿರಿನ ಊರು, ಅದೇ ಬಾಯಲ್ಲಿ ಬಿದನೂರು ಆಯಿತು. ಸಂಸ್ಕೃತದಲ್ಲಿ ವೇಣುಪುರ ಅಂತಲೂ ಕರೆದಿದ್ದಾರೆ.

ಕೆಳದಿ ನಾಯಕರು ಇಲ್ಲಿಗೆ ಬಂದದ್ದು ಇದಕ್ಕೇ. ಅವರ ಮೊದಲ ಊರು ಸಾಗರದ ಹತ್ತಿರದ ಕೆಳದಿ, ಆಮೇಲೆ ಇಕ್ಕೇರಿ. ಎರಡೂ ತಕ್ಕಮಟ್ಟಿಗೆ ಬಯಲಾದ ಜಾಗಗಳು. ಬಿಜಾಪುರದ ರಣದುಲ್ಲಾ ಖಾನ್ ಬಂದು ಇಕ್ಕೇರಿಯನ್ನು ಹಾಳುಗೆಡವಿದ ಮೇಲೆ ವೀರಭದ್ರ ನಾಯಕ 1639ರ ಸುಮಾರಿಗೆ ರಾಜಧಾನಿಯನ್ನು ಈ ಬಾಣಲೆಯೊಳಗೆ ತಂದ. ಅದಾದ ಮೇಲೆ ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಮಲೆನಾಡು, ಕರಾವಳಿಯ ಬಹುಪಾಲು ಆಳಿದ್ದು ಇಲ್ಲಿಂದಲೇ. ಬರೀ ಅಡಗಿಕೊಳ್ಳಲು ಒಳ್ಳೆಯ ಜಾಗ ಅಂತಲ್ಲ. ಘಟ್ಟದ ಮೇಲಿನ ಮೆಣಸು, ಅಡಿಕೆ, ಅಕ್ಕಿ ಎತ್ತಿನ ಮೇಲೆ ಹೊಸಂಗಡಿ ಘಟ್ಟ ಇಳಿದು ಬಸ್ರೂರು, ಕುಂದಾಪುರದ ಕಡೆ ಹೋಗಬೇಕು. ಆ ದಾರಿಯ ತಲೆಯ ಮೇಲೆ ಈ ಊರು ಕೂತಿದೆ. ಪೋರ್ಚುಗೀಸರಿಗೆ ಮೆಣಸು ಬೇಕಿದ್ದರೆ ಈ ನಾಯಕರ ಜೊತೆ ವ್ಯವಹಾರಕ್ಕೆ ಬರಲೇಬೇಕಿತ್ತು. ಲೈನ್‌ಮ್ಯಾನ್ ಇದನ್ನು ಹೇಳಿದ ರೀತಿ ಚೆನ್ನಾಗಿತ್ತು: ಕೆಳಗಿನವರಿಗೆ ಮೇಲಿನ ಮಾಲು ಬೇಕು, ಮೇಲಿನವರಿಗೆ ಕೆಳಗಿನ ಉಪ್ಪು ಬೇಕು, ನಡುವೆ ಬಾಗಿಲು ಹಾಕಿಕೊಂಡು ಸುಂಕ ಎಣಿಸುವವನಿಗೆ ಏನು ಕಷ್ಟ?

ಅವರು ದೂರವನ್ನು ಕಿಲೋಮೀಟರಿನಲ್ಲಿ ಹೇಳುವುದೇ ಇಲ್ಲ. "ಇಲ್ಲಿಂದ ಹನ್ನೆರಡು ಕಂಬ" ಅನ್ನುತ್ತಾರೆ. ಮಳೆಗಾಲದ ರಾತ್ರಿ ಟಾರ್ಚ್ ಹಿಡಿದು ಲೈನ್ ಹುಡುಕುತ್ತಾ ಹೋದ ಗುಡ್ಡಗಳವು, ಯಾವ ಗುಡ್ಡದಲ್ಲಿ ಹಳೇ ಕಟ್ಟಡದ ಜಂಬಿಟ್ಟಿಗೆ ಕಲ್ಲು ಬಿದ್ದಿದೆ, ಯಾವ ತೋಟದಲ್ಲಿ ಬಾವಿ ತೋಡುವಾಗ ಹಂಚಿನ ಚೂರು ಬಂತು ಅನ್ನುವುದೆಲ್ಲ ಗೊತ್ತು. ಓದಿ ಹೇಳುವ ಗೈಡ್‌ಗಳಿಗೂ ಇವರಿಗೂ ವ್ಯತ್ಯಾಸ ಇಲ್ಲೇ.

ಆದರೆ ಎಲ್ಲವನ್ನೂ ನಂಬಬೇಡಿ. ಕೋಟೆಯಿಂದ ಕವಲೇದುರ್ಗದವರೆಗೆ ಸುರಂಗ ಇತ್ತು ಅಂತ ಹೇಳಿದರು. ನಮ್ಮ ರಾಜ್ಯದಲ್ಲಿ ಸುರಂಗ ಇಲ್ಲದ ಕೋಟೆಯೇ ಇಲ್ಲ, ಆ ಲೆಕ್ಕದಲ್ಲಿ ಮಲೆನಾಡಿನ ಮಣ್ಣೆಲ್ಲ ಟೊಳ್ಳಾಗಿರಬೇಕಿತ್ತು. ಊರಿನಲ್ಲಿ ಒಂದು ಲಕ್ಷಕ್ಕೆ ಒಂದೇ ಒಂದು ಕಡಿಮೆ ಮನೆ ಇತ್ತು ಅನ್ನುವ ಕಥೆಯನ್ನೂ ಹೇಳಿದರು, ನಗುತ್ತಲೇ ಹೇಳಿದರು, ಆದ್ದರಿಂದ ಮಾಫಿ.

ಕೋಟೆ ಸೇರುವ ಹೊತ್ತಿಗೆ ಹತ್ತೂವರೆ. ದೊಡ್ಡ ಕೋಟೆಯೇನಲ್ಲ. ಚಿತ್ರದುರ್ಗ ನೋಡಿ ಬಂದವರಿಗೆ ಇದು ಮನೆಯ ಹಿತ್ತಲಿನ ಹಾಗೆ ಕಾಣಬಹುದು. ಒಂದು ದಿಬ್ಬದ ಮೇಲೆ ಜಂಬಿಟ್ಟಿಗೆ ಗೋಡೆ, ಸುತ್ತ ಅಗಳು, ಬಾಗಿಲ ಎರಡೂ ಬದಿಗೆ ದುಂಡನೆಯ ಬುರುಜು, ಪಕ್ಕದಲ್ಲಿ ಕೆರೆ. ಮಳೆಗಾಲದಲ್ಲಿ ಗೋಡೆ ಪೂರ್ತಿ ಹಾವಸೆ ಹತ್ತಿ ಹಸಿರಾಗಿರುತ್ತದೆ, ಕಲ್ಲು ಕಾಣುವುದೇ ಇಲ್ಲ. ಮೆಟ್ಟಿಲು ಜಾರುತ್ತದೆ, ಚಪ್ಪಲಿ ಹಾಕಿಕೊಂಡು ಹೋಗಲೇಬೇಡಿ. ಅತ್ತೆಗೆ ಲೈನ್‌ಮ್ಯಾನ್ ಮೊದಲೇ ಒಂದು ಬೆತ್ತ ಕೊಟ್ಟಿದ್ದರು, ಅವರನ್ನು ಬಾಗಿಲ ಹತ್ತಿರ ಕೂರಿಸಿ ಅಲ್ಲೇ ಅರ್ಧ ಕಥೆ ಹೇಳಿದರು. ಇಂತಹ ಗಮನ ದುಡ್ಡಿಗೆ ಸಿಗುವುದಿಲ್ಲ. ಒಳಗೆ ಅರಮನೆಯ ತಳಪಾಯ ಮಾತ್ರ ಉಳಿದಿದೆ, ಮತ್ತೆ ಅಕ್ಕ ತಂಗಿ ಕೊಳ ಅಂತ ಅಕ್ಕಪಕ್ಕ ಎರಡು ಕೊಳ.

ಮಗನಿಗೆ ಇಲ್ಲಿ ಒಂದು ಒಳ್ಳೇ ಪಾಠ ಆಯಿತು. ಶಿಸ್ತಿನ ಶಿವಪ್ಪನಾಯಕ ಅಂತ ಶಾಲೆಯಲ್ಲಿ ಓದಿದ್ದಾನೆ. ಶಿಸ್ತು ಅಂದರೆ ಸಾಲಾಗಿ ನಿಲ್ಲಿಸಿ ಡ್ರಿಲ್ ಮಾಡಿಸುತ್ತಿದ್ದ ರಾಜ ಅಂದುಕೊಂಡಿದ್ದ. ನಿಜ ಹೇಳಬೇಕೆಂದರೆ ನಾನೂ ಚಿಕ್ಕವಳಿದ್ದಾಗ ಹಾಗೇ ಅಂದುಕೊಂಡಿದ್ದೆ. ಇಲ್ಲಿ ಶಿಸ್ತು ಅಂದರೆ ಕಂದಾಯ. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕ ಭೂಮಿಯನ್ನು ಮಣ್ಣು, ನೀರು ನೋಡಿ ವಿಂಗಡಿಸಿ ತೆರಿಗೆ ಗೊತ್ತುಮಾಡಿದ. ಹನ್ನೆರಡು ವರ್ಷ ಪ್ರತಿ ಊರಿನಲ್ಲಿ ಒಂದೊಂದು ಬಗೆಯ ಒಂದೊಂದು ಗದ್ದೆಯನ್ನು ತನ್ನ ಖರ್ಚಿನಲ್ಲೇ ಮಾಡಿಸಿ, ಬಿತ್ತಿದ್ದೆಷ್ಟು, ಖರ್ಚೆಷ್ಟು, ಬೆಳೆದದ್ದೆಷ್ಟು ಅಂತ ಬರೆಸಿಟ್ಟು, ಸರಾಸರಿ ತೆಗೆದು, ಬೆಳೆಯ ಮೂರರಲ್ಲಿ ಒಂದು ಪಾಲು ಸರ್ಕಾರಕ್ಕೆ ಅಂತ ಮಾಡಿದ ಎಂದು ಹಳೇ ಗೆಜೆಟಿಯರ್ ಹೇಳುತ್ತದೆ. ತೋಟಕ್ಕೆ ಅಡಿಕೆ ಮರದ ಲೆಕ್ಕ. ಬೆಳೆ ವಿಮೆಯವರು ಈಗ ಮೊಬೈಲಿನಲ್ಲಿ ಫೋಟೋ ಹೊಡೆದು ಮಾಡುವ ಸರ್ವೇಗಿಂತ ಇದು ಎಷ್ಟೋ ಮೇಲು ಅಂತ ಲೈನ್‌ಮ್ಯಾನ್ ಅಂದರು. ಎಲೆಚುಕ್ಕೆ ರೋಗ ಬಂದು ಅವರ ತೋಟ ಅರ್ಧ ಹಳದಿಯಾಗಿದೆ, ಆ ಸಿಟ್ಟು ಇರಬೇಕು.

ಕೆಳದಿಯ ಚೆನ್ನಮ್ಮನ ಬಗ್ಗೆ ಹೇಳುವಾಗ ಮಾತ್ರ ಅವರ ದನಿ ಬದಲಾಯಿತು. ಔರಂಗಜೇಬನಿಗೆ ಹೆದರದೆ ಶಿವಾಜಿಯ ಮಗ ರಾಜಾರಾಮನಿಗೆ ಜಾಗ ಕೊಟ್ಟ ರಾಣಿ, 1671ರಿಂದ 1696ರವರೆಗೆ ಆಳಿದವಳು. ಬೆನ್ನು ಹತ್ತಿ ಬಂದ ಮೊಗಲ್ ಸೈನ್ಯಕ್ಕೆ ಇಲ್ಲಿನ ಕಾಡು ಏನೆಂದು ಗೊತ್ತಿರಲಿಲ್ಲ. ಆಮೇಲೆ ಆಟೋ ಮಾಡಿಸಿ ಕೊಪ್ಪಲು ಮಠಕ್ಕೆ ಕರೆದುಕೊಂಡು ಹೋದರು, ಈ ಮನೆತನದವರ ಸಮಾಧಿಗಳಿರುವ ಜಾಗ. ಅಲ್ಲಿ ನಾವಲ್ಲದೆ ಇದ್ದದ್ದು ಮಳೆಯ ಸದ್ದೊಂದೇ. ಕೋಟೆಗೆ ಬರುವ ಕಾರುಗಳಲ್ಲಿ ನೂರಕ್ಕೆ ಒಂದಾದರೂ ಈ ಕಡೆ ತಿರುಗುತ್ತದೆಯೇ ಅಂತ ಅನುಮಾನ.

ಈ ಬಾಣಲೆ ಒಡೆದದ್ದು ಹೇಗೆ ಅನ್ನುವುದೇ ಇಡೀ ಸುತ್ತಾಟದ ಒಳ್ಳೆಯ ಭಾಗ. ಹೊರಗಿನಿಂದ ಬಂದವರ ಬಲಕ್ಕಲ್ಲ, ಒಳಗಿನ ಜಗಳಕ್ಕೆ. ಪಟ್ಟದಲ್ಲಿದ್ದ ಹುಡುಗ ಚೆನ್ನಬಸಪ್ಪನಾಯಕ ಸತ್ತ ಅಂತ ಸುದ್ದಿ, ರಾಣಿ ವೀರಮ್ಮಾಜಿ ದತ್ತು ಮಗನ ಹೆಸರಿನಲ್ಲಿ ಆಳುತ್ತಿದ್ದಳು. ಅಷ್ಟರಲ್ಲಿ "ನಾನು ಸತ್ತಿಲ್ಲ, ನಾನೇ ಆ ಹುಡುಗ" ಅಂತ ಒಬ್ಬ ಚಿತ್ರದುರ್ಗದಲ್ಲಿ ಎದ್ದ. ಅವನನ್ನು ಪಟ್ಟಕ್ಕೆ ಕೂರಿಸುತ್ತೇನೆ ಅಂತ ಹೈದರಾಲಿ 1763ರಲ್ಲಿ ಹೊರಟ. ಸೈನಿಕರು ಆ ಹುಡುಗನಿಗೆ ಗೈಬು ರಾಜ, ಅಂದರೆ ಮಾಯವಾಗಿದ್ದ ರಾಜ, ಅಂತ ಅಡ್ಡಹೆಸರಿಟ್ಟಿದ್ದರಂತೆ. ದಾರಿಯಲ್ಲಿ ಹೈದರನಿಗೆ ಸಿಕ್ಕಿದವನು ಲಿಂಗಣ್ಣ, ಸೆರೆಯಲ್ಲಿದ್ದ ಹಳೇ ಮಂತ್ರಿ. ಕಾವಲಿಲ್ಲದ ಕಾಡುದಾರಿ ಅವನಿಗೆ ಗೊತ್ತಿತ್ತು. ಘಟ್ಟದ ಬಾಗಿಲುಗಳಲ್ಲಿ ಕಾವಲುಗಾರರು ಕಾಯುತ್ತಲೇ ಇದ್ದರು, ಇವರು ಇನ್ನೊಂದು ಕಡೆಯಿಂದ ಊರೊಳಗೆ. ರಾಣಿ ಅರಮನೆಗೆ ಬೆಂಕಿ ಹಾಕಿಸಿ ಓಡಿದಳು, ಆಮೇಲೆ ಸಿಕ್ಕಿಬಿದ್ದು ಮಧುಗಿರಿ ಸೆರೆ. ಗೈಬು ರಾಜನಿಗೂ ಪಟ್ಟ ಸಿಗಲಿಲ್ಲ. ಊರು ಹೈದರನಿಗೇ ಆಯಿತು.

ಬೆಳಿಗ್ಗೆ ಬಾಣಲೆಯ ಅಂಚಿನಲ್ಲಿ ನಿಲ್ಲಿಸಿದ್ದು ಯಾಕೆ ಅಂತ ನನಗೆ ಅರ್ಥವಾದದ್ದು ಆಗ, ಕೋಟೆಯ ಗೋಡೆ ಮೇಲೆ ಕೊಡೆ ಹಿಡಿದು ಈ ಕಥೆ ಕೇಳುತ್ತಿದ್ದಾಗ. ಲೈನ್‌ಮ್ಯಾನ್ ಬೆರಳು ಮಾಡಿ ಒಂದೊಂದೇ ಗುಡ್ಡದ ಸಂದು ತೋರಿಸಿದರು. ಲಿಂಗಣ್ಣ ತೋರಿಸಿದ ದಾರಿ ಇದೇ ಇರಬೇಕು ಅಂತ ಅವರಿಗೆ ಒಂದು ಅಂದಾಜಿದೆ, ಅವರು ಲೈನ್ ಎಳೆಯುವಾಗ ನಡೆದ ದಾರಿಯೇ ಅದು. ಅದು ಅವರ ಅಂದಾಜು ಮಾತ್ರ ಅಂತ ಅವರೇ ಹೇಳಿದರು. ಸುರಂಗದ ವಿಷಯದಲ್ಲೂ ಹೀಗೆ ಒಂದು ಮಾತು ಹೇಳಿದ್ದರೆ ಚೆನ್ನಾಗಿತ್ತು.

ಹೆಸರಿನ ಕಥೆ ಇಲ್ಲಿಂದ ಶುರು. ಹೈದರ್ ಊರಿಗೆ ತನ್ನ ಹೆಸರಿಟ್ಟು ಹೈದರ್‌ನಗರ ಅಂದ. ಟಂಕಸಾಲೆ ಇಟ್ಟ, ಶಸ್ತ್ರಾಗಾರ ಇಟ್ಟ. ಅವನ ಚಿನ್ನದ ವರಹದಲ್ಲಿ ಒಂದು ಬದಿಗೆ ನಾಯಕರ ಕಾಲದ ಶಿವ ಪಾರ್ವತಿ ಹಾಗೇ ಉಳಿದರು, ಇನ್ನೊಂದು ಬದಿಗೆ ಅವನ ಹೆಸರಿನ ಮೊದಲ ಅಕ್ಷರ ಬಂತು. ಸಂತೆಯಲ್ಲಿ ಜನ ನಂಬುವ ನಾಣ್ಯವನ್ನು ಯಾರು ಬದಲಾಯಿಸುತ್ತಾರೆ ಹೇಳಿ? ನಾಯಕರೂ ಅಷ್ಟೇ, ಟಂಕಸಾಲೆ ಬಿದನೂರಿಗೆ ಬಂದಮೇಲೂ ನಾಣ್ಯಕ್ಕೆ ಇಕ್ಕೇರಿ ವರಹ ಅನ್ನುವ ಹೆಸರನ್ನೇ ಉಳಿಸಿಕೊಂಡಿದ್ದರು. ಹೈದರ್ ಸತ್ತ ಮರುತಿಂಗಳೇ, 1783ರ ಜನವರಿಯಲ್ಲಿ, ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಕರಾವಳಿಯಿಂದ ಘಟ್ಟ ಹತ್ತಿ ಬಂದು ಊರು ಹಿಡಿದ. ಮೂರ್ನಾಲ್ಕು ತಿಂಗಳಲ್ಲೇ ಟಿಪ್ಪು ಬಂದು ಮುತ್ತಿಗೆ ಹಾಕಿ ಅವನನ್ನು ಸೆರೆಹಿಡಿದ, ಮ್ಯಾಥ್ಯೂಸ್ ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತ. ಆಮೇಲೆ ಜನರ ಬಾಯಲ್ಲಿ ಹೈದರ್ ಉದುರಿಹೋಗಿ ನಗರ ಉಳಿಯಿತು. ಬಿದನೂರು ಅನ್ನುವುದು ಹಳಬರ ಬಾಯಲ್ಲಿ, ಬಸ್ಸಿನ ಬೋರ್ಡಿನಲ್ಲಿ ನಗರ.

ಇಲ್ಲಿಗೆ ಲೈನ್‌ಮ್ಯಾನ್ ಕಥೆ ಮುಗಿಸಿಬಿಟ್ಟರು. ಇದು ನನ್ನ ದೊಡ್ಡ ದೂರು. ಟಿಪ್ಪು ಆದಮೇಲೆ ಏನೂ ನಡೆದೇ ಇಲ್ಲ ಅನ್ನುವ ಹಾಗೆ! ಆದರೆ ಈ ಊರು ಮೈಸೂರಿನ ಇಡೀ ಚರಿತ್ರೆಯನ್ನು ತಿರುಗಿಸಿದ್ದು ಆಮೇಲೆಯೇ. 1830ರಲ್ಲಿ ಕಂದಾಯದ ಕಾಟ ತಡೆಯಲಾಗದೆ ನಗರ ಸೀಮೆಯ ರೈತರು ಕೂಟ ಸೇರಿ ಎದ್ದರು. ನಾನು ಕೆಳದಿ ಮನೆತನದವನು ಅಂತ ಬೂದಿ ಬಸವಪ್ಪ ಅನ್ನುವವನು ಮುಂದೆ ಬಂದ. ನಗರದ ದಂಗೆ ಅಂತಲೇ ಅದಕ್ಕೆ ಹೆಸರು. ಅದನ್ನೇ ಕಾರಣ ಮಾಡಿಕೊಂಡು 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡರು. ಒಡೆಯರ ಮನೆತನಕ್ಕೆ ಅದು ವಾಪಸ್ ಸಿಕ್ಕಿದ್ದು 1881ರಲ್ಲಿ. ಐವತ್ತು ವರ್ಷ! ಶಿವಮೊಗ್ಗ, ಕಡೂರು, ಚಿತ್ರದುರ್ಗ ಮೂರೂ ಸೇರಿದ ಸೀಮೆಗೆ ಆಗ ನಗರ ಡಿವಿಷನ್ ಅಂತಲೇ ಹೆಸರಿತ್ತು. ಊರು ಸೊರಗಿದರೂ ಹೆಸರು ಕಾಗದದಲ್ಲಿ ದೊಡ್ಡದಾಗಿಯೇ ಇತ್ತು. ಕೊನೆಗೆ 19ನೇ ಶತಮಾನ ಮುಗಿಯುವ ಹೊತ್ತಿಗೆ ತಾಲೂಕು ಕಚೇರಿಯೂ ಕಲ್ಲೂರುಕಟ್ಟೆಗೆ ಹೋಯಿತು, ಕಲ್ಲೂರುಕಟ್ಟೆ ಹೊಸನಗರ ಆಯಿತು. ನಾವು ಬಸ್ ಹತ್ತಿದ್ದೆವಲ್ಲ, ಅದೇ.

ನಾನು ಇದನ್ನೆಲ್ಲ ಕೇಳಿದಾಗ "ಅದೂ ಗೊತ್ತಾ ನಿಮ್ಗೆ?" ಅಂತ ಖುಷಿಯಾದರು. ಗೊತ್ತಿದ್ದೂ ಹೇಳುವುದಿಲ್ಲವಂತೆ. "ರಾಜ ರಾಣಿ ಇಲ್ದೇ ಇದ್ರೆ ಜನ ಮೊಬೈಲ್ ನೋಡ್ತಾರೆ" ಅಂದರು. ಅವರ ಅನುಭವ ಅವರಿಗೆ. ನೀವು ಹೋದರೆ ದಯವಿಟ್ಟು ಕೇಳಿ, ಕೇಳಿದರೆ ಚೆನ್ನಾಗಿ ಹೇಳುತ್ತಾರೆ.

ದೇವಗಂಗೆಗೆ ಊಟ ಆದಮೇಲೆ ಹೋದೆವು. ಬಸವನಬ್ಯಾಣದಲ್ಲಿ ಗುಡ್ಡದ ಬುಡಕ್ಕೆ ಏಳು ಕೊಳ, ಒಂದು ನಕ್ಷತ್ರದ ಹಾಗೆ, ಒಂದು ತಾವರೆಯ ಹಾಗೆ. ಗುಡ್ಡದಿಂದ ಇಳಿಯುವ ನೀರು ಒಂದರಿಂದ ಒಂದಕ್ಕೆ ಹರಿಯುತ್ತದೆ, ಬೇಸಿಗೆಯಲ್ಲೂ ನಿಲ್ಲುವುದಿಲ್ಲವಂತೆ. ಮಗ ಮಳೆಯಲ್ಲೇ ಕಾಲು ಇಳಿಬಿಟ್ಟು ಕೂತ. ಚೆನ್ನಾಗಿದೆ, ಇದಕ್ಕಿಂತ ಜಾಸ್ತಿ ಬರೆದರೆ ಫೋಟೋದ ಕೆಲಸ ನಾನು ಮಾಡಿದ ಹಾಗಾಗುತ್ತದೆ.

ಜೀಪ್ ಸುತ್ತಾಟಕ್ಕೆ ಮಾತ್ರ ದುಡ್ಡು ಹಾಕಬೇಡಿ. ಎರಡು ಸಾವಿರ ತೆಗೆದುಕೊಂಡು ಹುಲಿಕಲ್ ಘಾಟಿಯ ಕಡೆ, ಆಮೇಲೆ ಒಂದು ಅಣೆಕಟ್ಟಿನ ಗೇಟಿನವರೆಗೆ ಕರೆದುಕೊಂಡು ಹೋದರು. ಗೇಟಿನೊಳಗೆ ಬಿಡುವುದಿಲ್ಲ ಅನ್ನುವುದು ಗೇಟಿನ ಹತ್ತಿರ ಹೋದಮೇಲೆ ಗೊತ್ತಾಯಿತು, ಜೀಪಿನವನಿಗೆ ಮೊದಲೇ ಗೊತ್ತಿತ್ತು ಅಂತ ನನ್ನ ಲೆಕ್ಕ. ಹುಲಿಕಲ್‌ನಲ್ಲಿ ಚಂಡಿಕಾಂಬ ಗುಡಿಗೆ ಕೈಮುಗಿದು, ಐದು ಅಡಿ ಮುಂದಿನದೂ ಕಾಣದ ಮಂಜಿನಲ್ಲಿ ಹತ್ತು ನಿಮಿಷ ನಿಂತು ವಾಪಸ್. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಸುರಿಯುವ ಊರುಗಳಲ್ಲಿ ಹುಲಿಕಲ್ ಒಂದು. ಅದನ್ನು ನೋಡಲು ಜೀಪು ಬೇಡ, ಹೋಂಸ್ಟೇ ಜಗಲಿಯಲ್ಲಿ ಕೂತರೂ ಸಾಕು.

ನೀರಿನ ಕಥೆ ಪೂರ್ತಿ ಗೊತ್ತಾದದ್ದು ಜೀಪಿನಲ್ಲಲ್ಲ, ಅಡಿಗೆಮನೆಯಲ್ಲಿ. ಲೈನ್‌ಮ್ಯಾನ್ ಹೆಂಡತಿಯನ್ನು ನಾವೆಲ್ಲ ಅಕ್ಕ ಅಂತಲೇ ಕರೆದೆವು. ಹಗಲು ಅವರ ಬಾಯಿಂದ ಬಂದದ್ದು "ಬನ್ನಿ, ಕಾಲು ತೊಳ್ಕಳಿ, ಕಷಾಯ ಕುಡೀರಿ" ಇಷ್ಟೇ. ಎರಡನೇ ರಾತ್ರಿ ಅತ್ತೆ ಒಲೆ ಮುಂದೆ ಮಂಡಿ ಕಾಯಿಸಿಕೊಳ್ಳುತ್ತಾ ಕೂತು, "ನಿಮ್ಮ ತವರು ಯಾವ ಕಡೆ?" ಅಂತ ಕೇಳಿದರು. "ನೀರಲ್ಲಿ" ಅಂದರು ಅಕ್ಕ.

ಅವರ ಅಮ್ಮನ ಮನೆ ಶರಾವತಿ ಮುಳುಗಡೆಯದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮನೆ, ಗದ್ದೆ, ಅಡಿಕೆ ತೋಟ ಎಲ್ಲ ಒಳಗೆ ಹೋಯಿತು. ಅಕ್ಕ ಹುಟ್ಟಿದ್ದು ಆಮೇಲೆ. ಆದರೂ ಬೇಸಿಗೆಯಲ್ಲಿ ನೀರು ಇಳಿದಾಗ ಅಮ್ಮ ಅವರನ್ನು ಕರೆದುಕೊಂಡು ಹೋಗಿ ಬೋಳು ನೆಲದಲ್ಲಿ ಇದು ಅಂಗಳ, ಇದು ಕೊಟ್ಟಿಗೆ, ಇದು ಬಾವಿ ಅಂತ ತೋರಿಸುತ್ತಿದ್ದರಂತೆ. ಬಾವಿ ಕಟ್ಟೆ ಮಾತ್ರ ಇತ್ತು, ಅಂಗಳ ಅಮ್ಮನಿಗಷ್ಟೇ ಕಾಣುತ್ತಿತ್ತು ಅಂದರು. ಅಷ್ಟು ಸಾಲದೆ ಈ ಕಡೆ ಚಕ್ರಾ, ಸಾವೆಹಕ್ಲು ಅಣೆಕಟ್ಟುಗಳೂ ಬಂದವು. ಚಕ್ರಾ ನದಿ ತನ್ನ ಪಾಡಿಗೆ ಘಟ್ಟ ಇಳಿದು ಗಂಗೊಳ್ಳಿಯಲ್ಲಿ ಸಮುದ್ರ ಸೇರಬೇಕಾದದ್ದು, ಅದರ ನೀರನ್ನು ಕಾಲುವೆ ತೋಡಿ ಲಿಂಗನಮಕ್ಕಿಗೆ ತಿರುಗಿಸಿದ್ದಾರೆ. ವಾರಾಹಿಗೆ ಮಾಣಿ ಅಣೆಕಟ್ಟು, ಅದರ ನೀರು ಘಟ್ಟದ ಹೊಟ್ಟೆಯೊಳಗಿನ ಕರೆಂಟ್ ಮನೆಗೆ. ನಾಯಕರ ಬಾಣಲೆಯ ಸುತ್ತ ಈಗ ಎಲ್ಲ ಕಡೆ ನೀರು. ನಾವು ಇದನ್ನೆಲ್ಲ ಕೇಳಿದ್ದು ಚಿಮಣಿ ಬೆಳಕಿನಲ್ಲಿ, ಕರೆಂಟ್ ಇರಲಿಲ್ಲ ಅಂದೆನಲ್ಲ. ಅಕ್ಕ ಅದನ್ನು ದೂರಿನ ಹಾಗೆ ಹೇಳಲಿಲ್ಲ. "ನಮ್ಮ ಮನೆಯವ್ರು ಅದೇ ಕರೆಂಟಿನ ಸಂಬಳದಲ್ಲಿ ನನ್ನ ಸಾಕಿದ್ದು" ಅಂದು ನಕ್ಕರು. ಲೈನ್‌ಮ್ಯಾನ್ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು, ಏನೂ ಹೇಳಲಿಲ್ಲ.

ಈ ಕಥೆಗೆ ಅವರು ದುಡ್ಡು ತೆಗೆದುಕೊಳ್ಳುವುದಿಲ್ಲ, ಇದು ಸುತ್ತಾಟದ ಪಟ್ಟಿಯಲ್ಲೂ ಇಲ್ಲ. ಅಡಿಗೆಮನೆಗೆ ಹೋಗಿ ಕೂರಬೇಕು, ಅಷ್ಟೇ. ಈಳಿಗೆ ಮಣೆ ಕೊಟ್ಟರೆ ತರಕಾರಿ ಹೆಚ್ಚಿಕೊಡಿ.

ಊಟಕ್ಕೆ ಕಣ್ಣುಮುಚ್ಚಿ ಐದು ಸ್ಟಾರ್. ಬೆಳಿಗ್ಗೆ ಅಕ್ಕಿ ರೊಟ್ಟಿ, ಜೋನಿ ಬೆಲ್ಲ, ತುಪ್ಪ. ಮಧ್ಯಾಹ್ನ ಒಂದೆಲಗದ ತಂಬುಳಿ, ಕೆಸುವಿನ ಪತ್ರೊಡೆ, ಅಪ್ಪೆಮಿಡಿ ಉಪ್ಪಿನಕಾಯಿ. ರಾತ್ರಿ ಕಡುಬು. ಮತ್ತೆ ಕಳಲೆ ಪಲ್ಯ. ಬಿದಿರಿನ ಊರಿಗೆ ಬಂದು ಕಳಲೆ ತಿನ್ನದೆ ಹೋದರೆ ಆಗುತ್ತದೆಯೇ? ಎಳೇ ಬಿದಿರನ್ನು ಸಣ್ಣಗೆ ಹೆಚ್ಚಿ, ದಿನಾ ನೀರು ಬದಲಾಯಿಸುತ್ತಾ ಎರಡು ಮೂರು ದಿನ ನೆನೆಸದಿದ್ದರೆ ನಂಜು. ಅಕ್ಕ ಮೂರು ದಿನ ನೆನೆಸಿದ್ದರು, ನಾವು ಬರುವುದಕ್ಕೆ ಮೊದಲೇ ಶುರು ಮಾಡಿದ್ದಾರೆ ಅಂತ ಲೆಕ್ಕ ಹಾಕಿ ನೋಡಿ. ಕಳಲೆ ಬೇಕಿದ್ದರೆ ಮಳೆಗಾಲದಲ್ಲೇ ಹೋಗಬೇಕು. ಕೊಡಚಾದ್ರಿ ಕಾಣಬೇಕಿದ್ದರೆ ನವೆಂಬರ್ ಆದಮೇಲೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಡಿಸೆಂಬರಿನಿಂದ ಮೇವರೆಗೆ ಕಾಡಿನೊಳಗೆ ಸುಮ್ನೆ ಅಲೆಯಬೇಡಿ. ಉಣುಗು (ಉಣ್ಣೆ ಹುಳ) ಜಾಸ್ತಿ, ಅದರಿಂದ ಹರಡುವ ಮಂಗನ ಕಾಯಿಲೆಯ ಕಾಲ ಅದು. ಆ ತಿಂಗಳುಗಳಲ್ಲಿ ಲೈನ್‌ಮ್ಯಾನ್ ಬಾಣಲೆ ಅಂಚಿಗೆ ಕರೆದುಕೊಂಡು ಹೋಗುವುದೇ ಇಲ್ಲವಂತೆ, ಕೋಟೆ, ದೇವಗಂಗೆ ಮಾತ್ರ.

ಹೋಗುವುದು ಸುಲಭ. ಶಿವಮೊಗ್ಗದಿಂದ ಆಯನೂರು, ರಿಪ್ಪನ್‌ಪೇಟೆ, ಹೊಸನಗರ, ಅಲ್ಲಿಂದ ಹದಿನಾರು ಹದಿನೇಳು ಕಿಲೋಮೀಟರ್. ಬಸ್ಸಿದೆ, ಕೊನೇ ಬಸ್ಸಿನ ಹೊತ್ತನ್ನು ಕೇಳಿಕೊಂಡೇ ಹೊರಡಿ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಲೈನ್‌ಮ್ಯಾನ್ ಸಂಜೆ ಹಾಲು ಡೈರಿಗೆ ಬಂದಾಗ ಮಾತ್ರ ಫೋನ್ ಸಿಗುತ್ತದೆ, ಆರರಿಂದ ಏಳು. ಆಗ ಮಾಡಿ, ಸುತ್ತಾಟದ ದುಡ್ಡು ಎಷ್ಟು ಅಂತ ಮೊದಲೇ ಕೇಳಿ, ಜೀಪು ಬೇಡ ಅನ್ನಿ, ಹಳೇ ಮನೆಯ ಅಟ್ಟದ ಕೋಣೆ ಕೊಡ್ತೀರಾ ಅಂತಲೂ ಕೇಳಿ ನೋಡಿ. ನಮಗೆ ಆ ಕೋಣೆ ಇರುವುದು ಗೊತ್ತಾದದ್ದು ಹೊರಡುವ ದಿನ. ಮರದ ನೆಲ, ಕೆಳಗೆ ಒಲೆ, ಕಂಬಳಿಯೂ ಒಣಗಿತ್ತು.

ಹೊರಡುವಾಗ ಅಕ್ಕ ಅತ್ತೆಗೆ ಒಂದು ಬಾಟಲಿ ಅಪ್ಪೆಮಿಡಿ ಕೊಟ್ಟರು, ದುಡ್ಡು ಬೇಡ ಅಂದರು. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ರಿಪ್ಪನ್‌ಪೇಟೆ ದಾಟುವ ಹೊತ್ತಿಗೆ ನಮ್ಮೆಜಮಾನ್ರ ಬಿಳೀ ಅಂಗಿಗೆಲ್ಲ ಉಪ್ಪಿನಕಾಯಿ ರಸ, ಇಡೀ ಬಸ್ಸಿಗೆ ಅಪ್ಪೆಯ ಪರಿಮಳ, ಹಿಂದಿನ ಸೀಟಿನ ಅಜ್ಜಿಯೊಬ್ಬರು ಎದ್ದು ಬಂದು "ಎಲ್ಲಿ ಮಿಡಿ ಇದು?" ಅಂತ ವಿಚಾರಿಸಿಕೊಂಡು ಹೋದರು.